ಒನೊಮಿಚಿಯ ಕರೆಯದ ಮನೆ

ಬ್ಯಾಂಕಾಕ್

ಬ್ಯಾಂಕಾಕಿನಲ್ಲಿ ವಿಮಾನ ಬದಲಿಸುವಾಗ ಸರೋಜತ್ತೆಯ ಕೊರಳಿನ ಬೆಳ್ಳಿ ಕರಡಿಗೆ ತಪಾಸಣೆಯ ಯಂತ್ರದಡಿ ಕೂಗಿಕೊಂಡಿತು. ಸಮವಸ್ತ್ರದ ಹುಡುಗಿಯೊಬ್ಬಳು ಟ್ರೇ ಮುಂದೆ ತಳ್ಳಿ, ತೆಗೆದು ಇದರಲ್ಲಿಡಿ ಎಂದು ಸನ್ನೆ ಮಾಡಿದಳು. ಅತ್ತೆ ಕರಡಿಗೆಯನ್ನು ಎರಡೂ ಕೈಗಳಿಂದ ಮುಚ್ಚಿಕೊಂಡರು.

“ತೆಗೆಯಂಗಿಲ್ಲ ಅಂತ ಹೇಳೇ ಶೈಲಾ. ಒಳಗೆ ಲಿಂಗ ಐತೆ. ಆಪರೇಷನ್ ಮಾಡುವಾಗ್ಲೇ ತೆಗೆಸ್ಲಿಲ್ಲ, ಡಾಕ್ಟ್ರು ತೋಳಿಗೆ ಕಟ್ಟಿದ್ರು. ಈ ಹುಡ್ಗಿ ಡಾಕ್ಟ್ರಿಗಿಂತ ದೊಡ್ಡೋಳಾ?”

ಕೊನೆಯ ಮಾತನ್ನು ಬಿಟ್ಟು ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ಅಷ್ಟು ಜನ ನಮ್ಮನ್ನೇ ನೋಡುತ್ತಿರುವುದು ನನಗೆ ಹಿಂಸೆಯಾಗುತ್ತಿತ್ತು. ವಯಸ್ಸಾದ ಮಹಿಳಾ ಅಧಿಕಾರಿಯೊಬ್ಬರು ಬಂದು, ತೆರೆದು ತೋರಿಸಿದರೆ ಸಾಕು ಎಂದರು. ಅತ್ತೆ ಸಾಲಿಗೆ ಬೆನ್ನು ತಿರುಗಿಸಿ, ಸೆರಗಿನ ಮರೆಯಲ್ಲಿ ಮುಚ್ಚಳ ತೆಗೆದರು. ಆಕೆ ಬಗ್ಗಿ ನೋಡಿ, ಕೈಜೋಡಿಸಿ ದಾರಿ ಬಿಟ್ಟರು.

“ಕೇಳಿದ್ಲು, ತೋರಿಸ್ದೆ,” ಎಂದರು ಅತ್ತೆ, ಕುರ್ಚಿಯಲ್ಲಿ ಕೂತು ಉಸಿರು ಬಿಡುತ್ತಾ. “ಕೇಳ್ದಲೆ ಕೈ ಹಾಕಿದ್ರೆ ಕತೆನೇ ಬೇರೆ ಆಗಿರೋದು.”

ಸರೋಜತ್ತೆ ನನ್ನ ಅಪ್ಪನ ಅಕ್ಕ. ಕಡೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುವ ಕೆಲಸಕ್ಕೆ ಸೇರಿ, ಅದೇ ಕಟ್ಟಡದಿಂದ ನಿವೃತ್ತರಾದವರು. ಮದುವೆಯಾಗಲಿಲ್ಲ. ಯಾಕೆಂದು ನಾನು ಕೇಳಿಲ್ಲ, ಅವರೂ ನನ್ನನ್ನು ಅಂಥದ್ದೇನೂ ಕೇಳುವುದಿಲ್ಲ. ನಮ್ಮಿಬ್ಬರ ಸ್ನೇಹ ನಿಂತಿರುವುದೇ ಇದರ ಮೇಲೆ. ನಾನು ಜಪಾನಿಗೆ ಹೋಗುವ ಸುದ್ದಿ ಅಜ್ಜಂಪುರದ ನಮ್ಮ ಮನೆಯಲ್ಲಿ ತಿಳಿದಾಗ, ಒಬ್ಬಳೇ ಹೇಗೆ ಎಂದು ಎಲ್ಲರೂ ಮಾತಾಡುತ್ತಿದ್ದರು. ಅತ್ತೆ ಕಡೂರಿನಿಂದ ಫೋನ್ ಮಾಡಿದರು. “ನಾನೂ ಬತ್ತೀನಿ ಕಣೇ. ನಿನ್ನ ಕಾಯಕ್ಕಲ್ಲ. ಜೀವಮಾನ ಎಲ್ಲಾ ದೂರದೂರಿನ ದನಿ ಜೋಡ್ಸಿದ್ದೀನಿ, ಒಂದೂರೂ ನೋಡಿಲ್ಲ.”

ಫುಕುಯಾಮಾದಿಂದ ಮುಂದೆ

ಜಪಾನಿನ ವೇಗದ ರೈಲಿನ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾವು ಅದರಲ್ಲಿ ನಿದ್ದೆ ಮಾಡಿದೆವು. ಫುಕುಯಾಮಾದಲ್ಲಿ ಇಳಿದು ಹತ್ತಿದ ನಿಧಾನದ ರೈಲೇ ನಮ್ಮದು ಅನ್ನಿಸಿತು. ಎಲ್ಲ ನಿಲ್ದಾಣದಲ್ಲೂ ನಿಲ್ಲುತ್ತಿತ್ತು. ಶಾಲೆಯ ಮಕ್ಕಳು ಹತ್ತಿ ಇಳಿಯುತ್ತಿದ್ದರು. ಅಜ್ಜಂಪುರದಿಂದ ಬೀರೂರಿಗೆ ಹೋಗುವ ಪ್ಯಾಸೆಂಜರ್ ಗಾಡಿಯಿಂದ ಸದ್ದನ್ನೆಲ್ಲ ಸೋಸಿ ತೆಗೆದರೆ ಹೀಗಿರಬಹುದು. ಯಾರೂ ಮಾತಾಡುತ್ತಿರಲಿಲ್ಲ. ಅತ್ತೆ ಕೂಡ ಪಿಸುಗುಟ್ಟತೊಡಗಿದರು.

“ಏನೇ ಇದು, ಯಾರಾದ್ರೂ ಸತ್ತವ್ರಾ?”

“ಇಲ್ಲ ಅತ್ತೆ, ಇವರು ರೈಲಲ್ಲಿ ಹೀಗೇ.”

ನಾನು ಬಂದದ್ದು ಒಬ್ಬ ಮನುಷ್ಯನನ್ನು ನೋಡಲು. ಕಾಲೇಜು ತರೀಕೆರೆಯಲ್ಲಿದ್ದಾಗ ಶನಿವಾರ ಮಧ್ಯಾಹ್ನ ನನ್ನ ಬಸ್ಸು ತಡ. ಗೆಳತಿ ನಜೀಮಾಳ ಮನೆಯಲ್ಲಿ ಕೂರುತ್ತಿದ್ದೆ. ಅವಳ ಅಣ್ಣ ದುಬೈಯಿಂದ ಹಳೆಯ ವಿಡಿಯೋ ಗೇಮಿನ ಯಂತ್ರವೊಂದನ್ನು ತಂದಿದ್ದ. ಅದರ ಜೊತೆ ಬಂದಿದ್ದ ಒಂದು ಆಟದಲ್ಲಿ ಮಗುವೊಂದು ಸಮುದ್ರದ ದಂಡೆಯಲ್ಲಿ ನಡೆಯುತ್ತಾ ದೀಪ ಹಚ್ಚುತ್ತಿತ್ತು. ಅಷ್ಟೇ. ನಾವು ಅದಕ್ಕೆ ದೀಪದಾಟ ಎಂದು ಹೆಸರಿಟ್ಟೆವು. “ಇದೇನೇ, ಇದ್ರಲ್ಲಿ ಯಾರೂ ಸಾಯಲ್ಲ, ಯಾರೂ ಗೆಲ್ಲಲ್ಲ!” ಎಂದು ನಜೀಮಾ ಬೈಯುತ್ತಿದ್ದಳು, ಬೈಯುತ್ತಲೇ ಇನ್ನೊಂದು ದೀಪ ಹಚ್ಚುತ್ತಿದ್ದಳು. ಆಟ ಮುಗಿದಾಗ ಕತ್ತಲ ಪರದೆಯ ಮೇಲೆ ನಮಗೆ ಓದಲು ಬಾರದ ಅಕ್ಷರಗಳು ಮೇಲೇರುತ್ತಿದ್ದವು. ಆ ಅಕ್ಷರ ಕಲಿಯಲು ನಾನು ಮುಂದೆ ವರ್ಷಗಳನ್ನು ಕಳೆದೆ. ಮೊದಲ ಹೆಸರು ಇಸೋಬೆ ಎಂದಿತ್ತು. ಈಗ ನನ್ನ ಪಿಎಚ್‌ಡಿ ಅವರ ಮೇಲೆ.

ಇಸೋಬೆಯವರು ಮೂರು ಆಟಗಳನ್ನು ನಿರ್ದೇಶಿಸಿದರು. ಮೂರನ್ನೂ ಜನ ಪ್ರೀತಿಸಿದರು. ಆಮೇಲೆ ಅವರು ನಿರ್ದೇಶನ ಬಿಟ್ಟು ನಿರ್ಮಾಪಕರಾದರು. ಸಿನಿಮಾದವರ ಹಾಗೆ ದುಡ್ಡು ಹಾಕುವ ನಿರ್ಮಾಪಕರಲ್ಲ. ಆಟ ಹೇಗಿರಬೇಕು ಎಂದು ನಿರ್ದೇಶಕ ಹೇಳುತ್ತಾನೆ, ಅದು ಮುಂದುವರಿಯಬೇಕೋ ನಿಲ್ಲಬೇಕೋ ಎಂದು ನಿರ್ಮಾಪಕ ಹೇಳುತ್ತಾನೆ. ಅರ್ಧ ಜೀವನ ಅವರು ಬೇರೆಯವರ ಆಟಗಳಿಗೆ ‘ಸಾಕು’ ಎಂದು ಹೇಳುತ್ತಾ ಕಳೆದರು. ದೊಡ್ಡ ಕಂಪನಿಯಿಂದ ನಿವೃತ್ತರಾದ ಮೇಲೆ ತಾಯಿಯ ಊರಾದ ಒನೊಮಿಚಿಗೆ ಬಂದು, ಕೆಲವೇ ಜನರನ್ನು ಕಟ್ಟಿಕೊಂಡು, ಮತ್ತೆ ಒಂದು ಆಟವನ್ನು ನಿರ್ದೇಶಿಸುತ್ತಿದ್ದರು. ಮಾಡಿದ್ದನ್ನು ಬಿಟ್ಟದ್ದೇಕೆ, ಬಿಟ್ಟದ್ದನ್ನು ಮತ್ತೆ ಹಿಡಿದದ್ದೇಕೆ? ಇದೇ ನನ್ನ ಪ್ರಶ್ನೆ.

ಸ್ನಾನದ ಮನೆ

ಒನೊಮಿಚಿ ಗುಡ್ಡಕ್ಕೂ ಸಮುದ್ರಕ್ಕೂ ನಡುವೆ ಸಿಕ್ಕಿಕೊಂಡ ಊರು. ಎದುರಿಗೇ ದ್ವೀಪ. ಹಾಗಾಗಿ ಸಮುದ್ರ ಹೊಳೆಯಂತೆ ಕಾಣುತ್ತದೆ. ಅತ್ತೆ ಕೊನೆಯವರೆಗೂ ಅದನ್ನು ಹೊಳೆ ಎಂದೇ ಕರೆದರು. ಮನೆಗಳು ಒಂದರ ಹೆಗಲ ಮೇಲೊಂದು ಕೂತಿವೆ. ರಸ್ತೆಯೆಂದರೆ ಕಲ್ಲಿನ ಮೆಟ್ಟಿಲು. ಮೆಟ್ಟಿಲಿನ ತಿರುವಿಗೊಂದು ಬೆಕ್ಕು. ಬೆಳಿಗ್ಗೆ ಮಂಜು ನೀರಿನಿಂದ ಎದ್ದು ಮೆಟ್ಟಿಲು ಹತ್ತಿ ಬರುತ್ತದೆ, ಯಾರದೋ ಮನೆಗೆ ಹೊರಟಂತೆ.

ನಮ್ಮನ್ನು ನಿಲ್ದಾಣದಿಂದ ಕರೆದೊಯ್ದವರು ಹೋರಿ. ಇಸೋಬೆಯವರ ಹೊಸ ಆಟದ ನಿರ್ಮಾಪಕಿ. ನಲವತ್ತು ದಾಟಿದ, ಕಡಿಮೆ ಮಾತಿನ ಹೆಂಗಸು. ಮೆಟ್ಟಿಲು ಹತ್ತುವಾಗ ಅತ್ತೆಗಾಗಿ ನಿಲ್ಲುತ್ತಿದ್ದರು. ಆದರೆ ಅತ್ತೆಗಾಗಿ ನಿಂತೆ ಎಂದು ತೋರಿಸಿಕೊಳ್ಳದೆ, ಪ್ರತಿ ಸಲವೂ ಒಂದು ಬೆಕ್ಕನ್ನು ಮಾತಾಡಿಸುತ್ತಿದ್ದರು.

ಅವರ ಸ್ಟುಡಿಯೋ ಒಂದು ಕಾಲದಲ್ಲಿ ಊರಿನವರೆಲ್ಲ ಬಂದು ಮೀಯುತ್ತಿದ್ದ ಸ್ನಾನದ ಮನೆ. ಬಾಗಿಲಿಗೆ ಈಗಲೂ ನೀಲಿ ಬಟ್ಟೆಯ ಪರದೆ. ಗೋಡೆಯಲ್ಲಿ ಬಣ್ಣ ಮಾಸಿದ ಬೆಟ್ಟದ ಚಿತ್ರ. ನೀರಿಲ್ಲದ ದೊಡ್ಡ ತೊಟ್ಟಿಗಳೊಳಗೆ ಮೇಜು, ಕಂಪ್ಯೂಟರು ಇಟ್ಟುಕೊಂಡು ಜನ ಕೆಲಸ ಮಾಡುತ್ತಿದ್ದರು. ನಾವು ಒಳಗೆ ಬಂದಾಗ ತೊಟ್ಟಿಗಳಿಂದ ತಲೆಗಳು ಎದ್ದು, ಬಾಗಿ, ಮತ್ತೆ ಮುಳುಗಿದವು.

“ಅಯ್ಯೋ ಶಿವನೇ, ತೊಟ್ಟಿ ಒಳಗೆ ಕೂತು ಕೆಲ್ಸ ಮಾಡ್ತಾರಲ್ಲೇ! ಮರ್ತು ಯಾರಾದ್ರೂ ನಲ್ಲಿ ಬಿಟ್ರೆ?”

ಇದನ್ನು ಅನುವಾದಿಸಿದೆ. ತೊಟ್ಟಿಯೊಳಗಿಂದ ನಗು ಕೇಳಿಸಿತು. ಇಸೋಬೆ ಎದ್ದು ಬಂದರು. ತೆಳ್ಳಗಿನ ಮನುಷ್ಯ, ಕೈ ಹಿಂದೆ ಕಟ್ಟಿಕೊಂಡು ನಡೆಯುವವರು. ಅತ್ತೆಯ ಹಣೆಯ ವಿಭೂತಿಯನ್ನು ಸ್ವಲ್ಪ ಹೊತ್ತು ನೋಡಿ, “ಚೆನ್ನಾದ ಗೆರೆ,” ಎಂದರು.

ಪ್ರಶ್ನೆಗಳ ಪಟ್ಟಿ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಅವರು ಕೈಯೆತ್ತಿ ತಡೆದರು. “ಮೊದಲು ಆಡಿ. ಮಾತು ಆಮೇಲೆ.”

ಅವರ ಪದ್ಧತಿಯ ಬಗ್ಗೆ ಓದಿದ್ದೆ. ಆಡುವವರಿಗೆ ಯಾರೂ ಏನನ್ನೂ ಹೇಳಿಕೊಡಬಾರದು. ಇಸೋಬೆ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಪರದೆಯನ್ನು ನೋಡುವುದಿಲ್ಲ. ಆಡುವವರ ಬೆನ್ನನ್ನು ನೋಡುತ್ತಾರೆ. ಮುಖ ಸುಳ್ಳು ಹೇಳಬಹುದು, ಹೆಗಲು ಹೇಳಲಾರದು ಎಂಬುದು ಅವರ ಲೆಕ್ಕ.

ಆಟದಲ್ಲಿದ್ದದ್ದು ಇದೇ ಊರು, ಕನಸಿನಲ್ಲಿ ಕಂಡ ಹಾಗೆ. ಮಂಜು, ಮೆಟ್ಟಿಲು, ಬಾಗಿಲು ತೆರೆದ ಮನೆಗಳು. ಒಂದೊಂದು ಮನೆಯೊಳಗೂ ಯಾರೋ ಈಗಷ್ಟೇ ಎದ್ದುಹೋದ ಗುರುತು. ಅರ್ಧ ಕುಡಿದ ಚಹ, ಒಣಗದ ಬಣ್ಣ, ತಿರುಗುತ್ತಲೇ ಇರುವ ಬುಗುರಿ. ನಾನು ಮನೆಯಿಂದ ಮನೆಗೆ ಹೋದೆ. ಒಂದನ್ನೂ ಬಿಡಲಿಲ್ಲ. ಮುಗಿಸಿ ತಿರುಗಿದಾಗ ಇಸೋಬೆ ಮೃದುವಾಗಿ, “ನಿಮ್ಮ ಬೆನ್ನು ಪರೀಕ್ಷೆ ಬರೆಯುತ್ತಿತ್ತು,” ಎಂದರು. ಅದು ನಿಜ.

ಹೋರಿ ನನಗೆ ವಿಷಯ ತಿಳಿಸಿದರು. ಆಟ ಮುಂದುವರಿಯಬೇಕೋ ಬೇಡವೋ ಎಂಬುದನ್ನು ಈ ವಾರ ಹೋರಿಯವರೇ ನಿರ್ಧರಿಸಬೇಕಿತ್ತು. ಆಡಿದವರೆಲ್ಲ ‘ಸುಂದರವಾಗಿದೆ’ ಎಂದು ಹೇಳಿ ಎದ್ದು ಹೋಗಿದ್ದರು. ಯಾರೂ ಮತ್ತೆ ಆಡಲು ಬಂದಿರಲಿಲ್ಲ. ಜೀವಮಾನದಲ್ಲಿ ಇಂಥ ಆಟ ಮುಟ್ಟದ ಒಬ್ಬರು ಆಡುವುದನ್ನು ನೋಡಿ ತೀರ್ಮಾನಿಸೋಣ ಎಂದು ಇಸೋಬೆಯವರೇ ಕೇಳಿಕೊಂಡಿದ್ದರು. ಈ ಊರಿನಲ್ಲಿ ಅಂಥವರು ಸಿಕ್ಕಿರಲಿಲ್ಲ.

ಹೋರಿ, ಇಸೋಬೆ ಇಬ್ಬರೂ ಒಟ್ಟಿಗೇ ತೊಟ್ಟಿಯ ಅಂಚಿನ ಕಡೆ ತಿರುಗಿದರು. ಅಲ್ಲಿ ಅತ್ತೆ ಕಾಲು ಇಳಿಬಿಟ್ಟು ಕೂತು, ಯಾರೋ ಕೊಟ್ಟ ಕಿತ್ತಳೆಯ ನಾರನ್ನು ಒಂದೊಂದಾಗಿ ಬಿಡಿಸುತ್ತಿದ್ದರು.

ದೋಣಿ

ಮರುದಿನ ಹೋರಿ ನಮ್ಮನ್ನು ಎದುರಿನ ದ್ವೀಪಕ್ಕೆ ಕರೆದೊಯ್ದರು. ಸೈಕಲ್ಲು, ಕಾರು, ಶಾಲೆಯ ಮಕ್ಕಳು ಎಲ್ಲ ಒಂದೇ ದೋಣಿಯಲ್ಲಿ. ಹತ್ತಿದ್ದು ಗೊತ್ತಾಗುವಷ್ಟರಲ್ಲಿ ಇಳಿಯುವ ದಡ ಬಂದಿರುತ್ತದೆ. ಅತ್ತೆಗೆ ಇದು ಎಷ್ಟು ಹಿಡಿಸಿತೆಂದರೆ ನಾವು ದ್ವೀಪದಲ್ಲಿ ಏನೂ ನೋಡದೆ ಹೋಗಿ ಬರುವುದನ್ನೇ ಮಾಡಿದೆವು. ಟಿಕೆಟಿನವನು ಮೂರನೆಯ ಸಲಕ್ಕೆ ಅತ್ತೆಯನ್ನು ನೋಡಿ ಟೋಪಿ ತೆಗೆದ.

ಊಟದ ಕಷ್ಟವನ್ನು ಹೇಳಲೇಬೇಕು. ಇಲ್ಲಿ ಬೇಳೆ, ತರಕಾರಿ ಎಲ್ಲದಕ್ಕೂ ಮೀನಿನ ಸಾರು ಬೆರೆತಿರುತ್ತದೆ. ಲಿಂಗಪೂಜೆ ಮಾಡದೆ ನೀರು ಕುಡಿಯದ ಅತ್ತೆ ಊರಿಂದ ತಂದ ಹುರಿಹಿಟ್ಟು, ಚಟ್ನಿಪುಡಿಯಲ್ಲೇ ದಿನ ಕಳೆಯುತ್ತಿದ್ದರು. ಅನ್ನದ ಉಂಡೆಯೊಳಗೆ ಉಪ್ಪು ಹಾಕಿದ ಹುಳಿಹಣ್ಣು ಇಟ್ಟದ್ದು ಅಂಗಡಿಯಲ್ಲಿ ಸಿಕ್ಕಿತು. ಅತ್ತೆ ಕಚ್ಚಿ, ಕಣ್ಣು ಮುಚ್ಚಿ, “ಉಪ್ಪಿನಕಾಯಿ ಹಾಕೋದು ಇವ್ರಿಗೂ ಗೊತ್ತೈತೆ. ಖಾರ ಹಾಕೋದು ಮರ್ತವ್ರೆ,” ಎಂದರು. ಚೀಲದಿಂದ ಚಟ್ನಿಪುಡಿ ತೆಗೆದು ಹೋರಿಯವರ ಉಂಡೆಗೂ ಉದುರಿಸಿದರು. ಹೋರಿ ಕೆಮ್ಮಿದರು. ಕಣ್ಣಲ್ಲಿ ನೀರು ಬಂತು. ಇನ್ನಷ್ಟು ಬೇಕೆಂದು ಉಂಡೆ ಮುಂದೆ ಹಿಡಿದರು.

ಸಂಜೆ ಐದಕ್ಕೆ ಊರಿನ ಕಂಬಗಳ ಮೈಕಿನಿಂದ ಒಂದು ರಾಗ ತೇಲಿ ಬರುತ್ತದೆ. ಮಕ್ಕಳೇ, ಮನೆಗೆ ಹೋಗಿ ಎಂದು ಅದರ ಅರ್ಥ. ಗುಡ್ಡಕ್ಕೆ ಬಡಿದು, ನೀರಿಗೆ ಬಡಿದು, ಅದೇ ರಾಗ ತನ್ನ ಹಿಂದೆ ತಾನೇ ಬರುತ್ತಿತ್ತು. ಆ ರಾಗದ ನಡುವೆ ಹೋರಿ ನನಗೆ ಹೇಳಿದರು. ಹಿಂದೆ ಇಸೋಬೆಯವರ ಕೈಕೆಳಗೆ ಹೋರಿ ಒಂದು ಆಟ ಮಾಡುತ್ತಿದ್ದರಂತೆ, ತಮ್ಮ ಮೊದಲನೆಯದು. ಅರ್ಧಕ್ಕೆ ಬಂದಾಗ ಇಸೋಬೆ ‘ಸಾಕು’ ಎಂದರಂತೆ. ಅಲ್ಲಿಗೆ ಅದು ಮುಗಿಯಿತು.

“ಸಿಟ್ಟು ಬಂದಿತ್ತೇ?” ಎಂದು ಕೇಳಿದೆ. ನಾನು ಸಾಮಾನ್ಯವಾಗಿ ಇಂಥದ್ದನ್ನು ಕೇಳುವವಳಲ್ಲ.

“ಅವರು ಸರಿಯಾಗಿಯೇ ಹೇಳಿದ್ದರು,” ಎಂದರು ಹೋರಿ. “ಕಷ್ಟವಾದದ್ದು ಅದೇ.”

“ನಿಮಗೆ ಈಗ ಹೇಗೆ...”

“ಸೇಡು ಎಂದುಕೊಳ್ಳಬೇಡಿ. ಈ ಆಟ ಉಳಿಯಲಿ ಎಂದು ನನಗೆ ಆಸೆ. ಆದರೆ ಆಸೆಯಿಂದ ತೀರ್ಮಾನ ಮಾಡಬಾರದು ಎಂದು ಕಲಿಸಿದವರೂ ಅವರೇ.”

ದೋಣಿ ದಡಕ್ಕೆ ತಾಗಿತು. ಅತ್ತೆ ಇಳಿಯಲಿಲ್ಲ. “ಇನ್ನೊಂದ್ಸಲ?” ಎಂದರು.

ತೆರೆದ ಬಾಗಿಲು

ಅತ್ತೆ ಆಡುವ ದಿನ ಸ್ನಾನದ ಮನೆಯಲ್ಲಿ ಎಲ್ಲರೂ ಕೆಲಸ ನಿಲ್ಲಿಸಿದ್ದರು. ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಧರಿಸಿ, ಅಂಚಿನ ಸೀರೆಯುಟ್ಟು ಅತ್ತೆ ಟಿವಿಯ ಮುಂದೆ ಕೂತರು. ಯಾವ ಗುಂಡಿ ಒತ್ತಿದರೆ ಪರದೆಯ ಹೆಂಗಸು ನಡೆಯುತ್ತಾಳೆ, ಯಾವುದು ಒತ್ತಿದರೆ ಕೂರುತ್ತಾಳೆ ಎಂಬಷ್ಟನ್ನು ಹೇಳಲು ನನಗೆ ಅನುಮತಿ ಇತ್ತು. ಉಳಿದಂತೆ ತುಟಿ ಬಿಚ್ಚುವಂತಿರಲಿಲ್ಲ. ಇಸೋಬೆ ಹಿಂದೆ ಕೂತರು. ಹೋರಿ ಗೋಡೆಯ ಬೆಟ್ಟಕ್ಕೆ ಒರಗಿ ನಿಂತರು.

ಅತ್ತೆ ನಡೆಯುವುದನ್ನು ಬೇಗ ಕಲಿತರು. ಎರಡು ಸಲ ಗೋಡೆಗೆ ಗುದ್ದಿ, “ದಾರಿ ಬಿಡಪ್ಪಾ,” ಎಂದು ಗೋಡೆಯನ್ನೇ ಬೈದರು. ಮಂಜಿನಲ್ಲಿ ಮೆಟ್ಟಿಲು ಹತ್ತಿ ಮೊದಲ ಮನೆಯ ಮುಂದೆ ಬಂದರು. ಬಾಗಿಲು ತೆರೆದಿತ್ತು. ಒಳಗೆ ಹಳದಿ ಬೆಳಕು. ಆಡಿದವರೆಲ್ಲರೂ ನೇರ ನುಗ್ಗಿದ ಜಾಗ ಅದು.

ಅತ್ತೆ ನಿಂತರು.

“ಯಾರ್ರೀ ಮನೇಲಿ?” ಎಂದು ಟಿವಿಗೆ ಕೇಳಿದರು.

ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಕೇಳಿದರು. “ಯಾರ್ರೀ ಮನೇಲಿ? ಯಾರೂ ಇಲ್ವಾ?”

ಬಾಗಿಲ ಪಕ್ಕದಲ್ಲಿ ಕಲ್ಲಿನ ಜಗುಲಿಯೊಂದಿತ್ತು, ಬರೀ ಅಂದಕ್ಕಾಗಿ ಬಿಡಿಸಿದ್ದು. ಅತ್ತೆ ಅಲ್ಲಿಗೆ ಹೋಗಿ ಗುಂಡಿ ಒತ್ತಿದರು. ಪರದೆಯ ಹೆಂಗಸು ಕೂತಳು. ಅತ್ತೆ ಕಂಟ್ರೋಲರನ್ನು ಮಡಿಲಲ್ಲಿಟ್ಟು, ಸೆರಗು ಸರಿಮಾಡಿಕೊಂಡು, ತಾವೂ ನೆಟ್ಟಗೆ ಕೂತರು.

ಆಟದಲ್ಲಿ ಮಂಜು ಸರಿಯಿತು, ಮತ್ತೆ ಬಂತು. ದೂರದಲ್ಲಿ ದೋಣಿಯ ಸದ್ದು. ಹಳದಿ ಬೆಳಕು ಹೊಸ್ತಿಲ ಮೇಲೆ ಸ್ವಲ್ಪ ಉದ್ದವಾಯಿತು. ಬೇರೇನೂ ಆಗಲಿಲ್ಲ, ಆಗುವಂತೆ ಯಾರೂ ಮಾಡಿರಲಿಲ್ಲ. ‘ಒಳಗೆ ಹೋಗಿ ಅತ್ತೆ’ ಎಂದುಬಿಡಬೇಕು ಅನ್ನಿಸಿತು. ಒಂದು ಪಿಸುಮಾತು ಸಾಕಿತ್ತು, ಕನ್ನಡದಲ್ಲಿ ಹೇಳಿದ್ದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅದರ ಬದಲು ಇಸೋಬೆಯವರ ಕಡೆ ನೋಡಿದೆ. ಅವರು ಅತ್ತೆಯ ಬೆನ್ನನ್ನು ನೋಡುತ್ತಾ, ಕುರ್ಚಿಯ ಅಂಚಿಗೆ ಬಂದಿದ್ದರು. ಮೊದಲ ಸಲ ಅವರು ತಮ್ಮ ನಿಯಮ ಮುರಿದು ಪರದೆಯನ್ನು ನೋಡಿದರು. ಆಮೇಲೆ ಕಣ್ಣು ಕೆಳಗೆ ಹಾಕಿದರು.

ಬಹಳ ಹೊತ್ತಿನ ಮೇಲೆ ಅತ್ತೆ ಕಂಟ್ರೋಲರನ್ನು ನನ್ನ ಕೈಗಿಟ್ಟರು. “ಮನೆಯೋರು ಎಲ್ಲೋ ಹೋಗವ್ರೆ ಕಣೇ. ದೀಪ ಹಚ್ಚೇ ಹೋಗವ್ರೆ, ದೂರ ಹೋಗಿರಕ್ಕಿಲ್ಲ. ಆಮೇಲೆ ಬರಣ.”

ಹೋರಿ ನನ್ನ ಮೂಲಕ ಕೇಳಿದರು. “ನಿಮಗೆ ಬೇಸರ ಆಗಲಿಲ್ಲವೇ?”

“ಬೇಜಾರ್ಯಾಕೆ? ಟ್ರಂಕ್ ಕಾಲ್ ಹಾಕಿ ಅರ್ಧ ದಿನ ಕಾದವ್ರನ್ನ ನೋಡಿದ್ದೀನಿ. ತಂಪಾಗಿ ಜಗುಲಿ ಐತೆ, ಕೂತಿದ್ದೆ.”

“ಬಾಗಿಲು ತೆರೆದಿತ್ತಲ್ಲ?”

ಅತ್ತೆ ನನ್ನನ್ನು ನೋಡಿದರು, ನಾನು ತಪ್ಪಾಗಿ ಅನುವಾದಿಸಿದೆನೇನೋ ಎಂಬಂತೆ. “ಬಾಗ್ಲು ತೆರೆದಿದ್ರೆ? ಮನೆಯೋರು ಕರೀಬೇಕಲ್ಲ!”

ಇದನ್ನು ಜಪಾನಿ ಭಾಷೆಗೆ ತಿರುಗಿಸುವಾಗ ನನ್ನ ದನಿ ಸಣ್ಣದಾಯಿತು. ಹೋರಿ ಗೋಡೆಯಿಂದ ಬೆನ್ನು ತೆಗೆದು ನೇರವಾಗಿ ನಿಂತರು.

“ಇಸೋಬೆ-ಸಾನ್, ಒಳಗೆ ಹೋದವರು ಯಾರೂ ಉಳಿಯಲಿಲ್ಲ. ಹೊರಗೆ ಕಾದು ಉಳಿದ ಈ ಒಬ್ಬರಿಗೆ ಕೊಡಲು ನಮ್ಮ ಹತ್ತಿರ ಏನೂ ಇಲ್ಲ. ಒಳಗಿನಿಂದ ಒಬ್ಬರು ಎದ್ದು ಬರಬೇಕಾದರೆ ಅದು ಬೇರೆಯೇ ಆಟ. ಇಲ್ಲಿಗೆ ಸಾಕು.”

ಇಸೋಬೆ ಎದ್ದು ನಿಂತು ಅವರಿಗೆ ಬಾಗಿದರು. ಹೋರಿ ಇನ್ನೂ ಕೆಳಗೆ ಬಾಗಿದರು. ತೊಟ್ಟಿಗಳಲ್ಲಿದ್ದವರೂ ಎದ್ದು ಬಾಗಿದರು. ಏನೋ ಶುಭವಾಯಿತೆಂದುಕೊಂಡು ಅತ್ತೆ ಎಲ್ಲರಿಗೂ ಕೈಮುಗಿದರು.

ನಡೆದದ್ದನ್ನು ಆ ಸಂಜೆ ಅತ್ತೆಗೆ ಹೇಳಿದೆ. “ನನ್ನಿಂದ ನಿಂತೋಯ್ತೇನೇ?” ಎಂದು ಕೇಳಿದರು. ಅಲ್ಲ ಎಂದೆ. ಅವರು ಅದನ್ನು ಪೂರ್ತಿ ನಂಬಲಿಲ್ಲ. ನಾನೂ ಪೂರ್ತಿ ನಂಬಿ ಹೇಳಿರಲಿಲ್ಲ.

ಹೊರಡುವ ಬೆಳಗು

ಸಾಮಾನಿನ ಜೊತೆ ಅತ್ತೆಯನ್ನು ಮೆಟ್ಟಿಲಿನ ಬುಡದಲ್ಲಿ ಕೂರಿಸಿ, ವಿದಾಯ ಹೇಳಲು ನಾನೊಬ್ಬಳೇ ಮೇಲೆ ಹೋದೆ. ಮಂಜು ದಟ್ಟವಾಗಿತ್ತು. ನನ್ನ ಮುಂದಿನ ಎರಡು ಮೆಟ್ಟಿಲು ಮಾತ್ರ ಕಾಣುತ್ತಿದ್ದವು, ಉಳಿದ ಊರನ್ನು ಇನ್ನೂ ಯಾರೋ ಬಿಡಿಸಬೇಕಿದೆ ಎಂಬಂತೆ.

ತೊಟ್ಟಿಗಳಿಂದ ಮೇಜುಗಳನ್ನು ಎತ್ತುತ್ತಿದ್ದರು. ಹೋರಿ ತಂತಿ ಸುತ್ತುತ್ತಿದ್ದರು. ಇಸೋಬೆ ನನಗೆ ಚಹ ಕೊಟ್ಟು, “ಈಗ ಕೇಳಿ,” ಎಂದರು. ಇಷ್ಟು ದೂರ ಹೊತ್ತು ತಂದ ಪ್ರಶ್ನೆಗಳಲ್ಲಿ ಒಂದೂ ಕೇಳುವ ಹಾಗೆ ಉಳಿದಿರಲಿಲ್ಲ.

“ಕಷ್ಟವಾಯಿತೇ?” ಎಂದೆ.

ಅವರು ಲೋಟವನ್ನು ತಿರುಗಿಸುತ್ತಾ ಕೂತರು. “‘ಸಾಕು’ ಎಂಬ ಆ ಮಾತನ್ನು ನಾನು ಬಹಳ ಜನಕ್ಕೆ ಹೇಳಿದ್ದೇನೆ. ಹೇಳುವುದಕ್ಕೆ ಹೊತ್ತು ಬೇಕಾಗುವುದಿಲ್ಲ. ಕೇಳಿಸಿಕೊಳ್ಳುವುದು ಇನ್ನೂ ಮುಗಿದಿಲ್ಲ.” ಹೋರಿಯವರ ಕೈಯಲ್ಲಿ ತಂತಿ ಸುತ್ತುವುದು ನಿಂತಿತು. ಇಸೋಬೆ ಆ ಕಡೆ ನೋಡದೆ ಮುಂದುವರಿಸಿದರು. “ನಾನು ಖಾಲಿ ಮನೆಗಳನ್ನು ಚೆನ್ನಾಗಿ ಕಟ್ಟುತ್ತೇನೆ. ಬಂದವರು ನೋಡಿಕೊಂಡು ಹೋಗಲಿ ಎನ್ನುವ ಮನೆಗಳು. ಅವರು ಕರೆದಾಗ ಎದ್ದು ಬಾಗಿಲಿಗೆ ಬರಬೇಕು ಎಂದು ಯಾವತ್ತೂ ಹೊಳೆಯಲಿಲ್ಲ.”

ನಾನು ಏನನ್ನೂ ಬರೆದುಕೊಳ್ಳಲಿಲ್ಲ. ಹೋರಿ ತಂತಿಯನ್ನು ಕೆಳಗಿಟ್ಟು, ಬಂದು ನಮ್ಮ ಪಕ್ಕ ಕೂತು, ತಾವೇ ಒಂದು ಲೋಟ ಚಹ ಬಗ್ಗಿಸಿಕೊಂಡರು.

ಆಗ ಹೊರಗಿನಿಂದ, ಮಂಜಿನೊಳಗಿಂದ, ಏದುಸಿರಿನ ದನಿ ಕೇಳಿಸಿತು. ಕೆಳಗೆ ಕೂತು ಸಾಕಾಗಿ ಅತ್ತೆ ಅಷ್ಟೂ ಮೆಟ್ಟಿಲು ಹತ್ತಿ ಬಂದಿದ್ದರು.

“ಯಾರ್ರೀ ಮನೇಲಿ?”

ಬಾಗಿಲು ತೆರೆದೇ ಇತ್ತು. ನೀಲಿ ಪರದೆಯ ಕೆಳಗೆ ಅವರ ಸೀರೆಯ ಅಂಚು, ಪಾದ ಕಾಣುತ್ತಿದ್ದವು. ಅವು ಮುಂದೆ ಬರಲಿಲ್ಲ.

ನಾನು ಏಳುವ ಮೊದಲೇ ಇಸೋಬೆ ಎದ್ದರು. ಚಪ್ಪಲಿ ಹುಡುಕಲಿಲ್ಲ. ಕಾಲುಚೀಲದಲ್ಲೇ ತಣ್ಣನೆಯ ಹೆಂಚಿನ ನೆಲ ದಾಟಿ ಬಾಗಿಲಿಗೆ ಹೋದರು. ಪರದೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಬಾಗಿ, ತಮ್ಮ ಭಾಷೆಯಲ್ಲಿ ಒಳಗೆ ಬನ್ನಿ ಎಂದರು. ಅನುವಾದಿಸಲು ಅರ್ಧ ಎದ್ದವಳು ಮತ್ತೆ ಕೂತೆ. ಅತ್ತೆ ಆಗಲೇ ಚಪ್ಪಲಿ ಬಿಡುತ್ತಿದ್ದರು.